ತಪ್ಪಿನ ನ್ಯಾರಿ

ನಮ್ಮೂರಿನಲ್ಲಿ ಸೇತುವೆಯನ್ನು ಒಣ ನೆಲದ ಮೇಲೆ ಕಟ್ಟುತ್ತಾರೆ. ಸಂಜೆ ಕಟ್ಟಿ ಮನೆಗೆ ಬರುತ್ತಾರೆ, ಬೆಳಗಾದ ಮೇಲೆ ಹೋಗಿ ಅದರ ಕೆಳಗೆ ಹೊಳೆ ಬಂದಿದೆಯೋ ಇಲ್ಲವೋ ನೋಡುತ್ತಾರೆ. ಹೊಳೆ ದಿನಾ ರಾತ್ರಿ ಜಾಗ ಬದಲಿಸುತ್ತದೆ. ಇವತ್ತು ಹತ್ತಿಗಿರಣಿಯ ಹಿಂದೆ ಹರಿದದ್ದು ನಾಳೆ ಬನ್ನಿಮರದ ಬಯಲಿನಲ್ಲಿರುತ್ತದೆ. ಬೆಳಿಗ್ಗೆ ಎದ್ದವರು ಅಂಗಳ ಗುಡಿಸುವ ಮೊದಲು ನೀರಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೊಡುತ್ತಾರೆ. ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ, ಇವತ್ತು ಈ ದಂಡೆ ಎನ್ನುತ್ತೇವೆ. ತವರು ಮತ್ತು ಗಂಡನ ಮನೆ ಒಂದೇ ಓಣಿಯಲ್ಲಿರುವ ಹೆಣ್ಣುಮಕ್ಕಳಿಗೂ ಕೆಲವು ದಿನ ನಡುವೆ ನೀರು. ಹಾಗೆಂದು ಹೊಳೆ ಯಾರ ಮನೆಯೊಳಗೂ ಬಂದದ್ದಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಬಲ್ಲದ್ದು. ಆದರೆ ಒಮ್ಮೆ ಬಂದು ನೆಲೆಸಿತೆಂದರೆ ಕಂಬ ನೆಡಲು ಬಿಡುವುದಿಲ್ಲ, ಅಂಥ ಸೆಳವು. ಅದಕ್ಕೇ ಅದು ಬರುವ ಮೊದಲೇ ಕಟ್ಟಿಡಬೇಕು.

ಇವತ್ತು ಬೆಳಿಗ್ಗೆ ನನ್ನ ಮಗಳು ಕಸ್ತೂರಿ ಸೇತುವೆ ಕೂಟದಿಂದ ಮುಖ ಸಣ್ಣದು ಮಾಡಿಕೊಂಡು ಬಂದಳು. ನಿನ್ನೆ ಸಂಜೆ ಅವಳು ತೋರಿಸಿದ ಜಾಗಕ್ಕೆ ಹೊಳೆ ಬಂದಿಲ್ಲ. ಕೂಟ ಸೇರಿದ ಮೇಲೆ ಇದು ಅವಳ ಮೊದಲ ತಪ್ಪು. ನಾಳೆ ಅವಳು ಎಲ್ಲರಿಗೂ ನ್ಯಾರಿ ಕಟ್ಟಿಕೊಂಡು ಹೋಗಬೇಕು. ಬೆಳಗಿನ ಊಟಕ್ಕೆ ನಮ್ಮ ಕಡೆ ನ್ಯಾರಿ ಎನ್ನುತ್ತಾರೆ, ತಪ್ಪಿದವರು ತರುವುದಕ್ಕೆ ತಪ್ಪಿನ ನ್ಯಾರಿ. "ಅವ್ವಾ, ಎಲ್ಲಾರ ಮುಂದ ಬುತ್ತಿ ಬಿಚ್ಚೂದು ಹೆಂಗ?" ಎಂದು ಕೇಳಿದವಳು, ಉತ್ತರಕ್ಕೂ ಕಾಯದೆ ಹಿತ್ತಿಲಿಗೆ ಹೋಗಿ ಕೂತಿದ್ದಾಳೆ. ಜೋಳ ಒಡೆಸಿಕೊಂಡು ಬಂದದ್ದಾಯಿತು, ಬಟ್ಟೆ ಒಣಗುವ ತನಕ ನನಗೂ ಬಿಡುವಿದೆ. ಬಾಯಲ್ಲಿ ಹೇಳಲು ಹೋದರೆ ಗೊತ್ತೈತಿ ಬಿಡವ್ವ ಎನ್ನುತ್ತಾಳೆ, ಅದಕ್ಕೇ ಬರೆದಿಡುತ್ತಿದ್ದೇನೆ. ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ. ನಾನು ಹೇಳಬೇಕೆಂದಿರುವುದು ನಡೆದಾಗ ಅವಳು ನನ್ನ ಬಲಗಡೆಯ ಕಂಕುಳಲ್ಲಿದ್ದಳು.

ಎಡಗಡೆಯ ಕಂಕುಳಲ್ಲಿ ಏಳನೇಕಿ ಇದ್ದಳು.

ಆಗ ಕೂಟದ ಹಿರಿಯಳು ಬಾಳವ್ವ. ಎತ್ತರದ ಹೆಂಗಸು, ನಕ್ಕರೆ ದೊಡ್ಡದಾಗಿ ನಗುವವಳು, ಆದರೆ ಅದನ್ನು ಸುಲಭಕ್ಕೆ ಯಾರಿಗೂ ಕೊಡುತ್ತಿರಲಿಲ್ಲ. ಕಂಬ ಮತ್ತು ಹಲಗೆಯ ಕೆಲಸ ಬಡಿಗ ಮಾನಪ್ಪಜ್ಜನದು, ಹಗ್ಗದ ಕೆಲಸ ಇಮಾಮಸಾಬನದು. ಬಿದಿರು ಹೊರಲು, ಕಟ್ಟಲು ಇಬ್ಬರು ವಾರಗಿತ್ತಿಯರು. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಅವರು ಬಿದಿರಿನ ಎರಡು ತುದಿ ಹಿಡಿದರೆ ಹೆಜ್ಜೆ ತಪ್ಪುತ್ತಿರಲಿಲ್ಲ. ಸಂಜೆ ಒಬ್ಬೊಬ್ಬರು ಪಾಳಿಯ ಮೇಲೆ, ನಾಳೆ ಹೊಳೆ ಇಲ್ಲಿಗೆ ಎಂದು ಕಾಲಿನಿಂದ ನೆಲದ ಮೇಲೆ ಗೆರೆ ಎಳೆಯಬೇಕು. ಮಾನಪ್ಪಜ್ಜ ಮೊಣಕಾಲು ನೋಯುವ ಕಡೆಗೆ ಎಳೆಯುತ್ತಿದ್ದ. ಇಮಾಮಸಾಬ ಇರುವೆಗಳ ಸಾಲು ಹಿಡಿದು ಹೋಗುತ್ತಿದ್ದ. ವಾರಗಿತ್ತಿಯರ ಪೈಕಿ ಒಬ್ಬಳು ಉತ್ತರಕ್ಕೆ ಎಂದರೆ ಇನ್ನೊಬ್ಬಳು ದಕ್ಷಿಣಕ್ಕೇ. ಬಾಳವ್ವ ಮಾತ್ರ ಏನೂ ಹೇಳದೆ, ಸೆರಗು ಬಿಗಿದುಕೊಂಡು ಹೋಗಿ ಗೆರೆ ಎಳೆದು ಬರುತ್ತಿದ್ದಳು. ಯಾರು ಎಳೆದರೂ ಹೊಳೆ ಒಂದು ದಿನ ಬಂದರೆ ಇನ್ನೊಂದು ದಿನ ಬರುತ್ತಿರಲಿಲ್ಲ.

ಬಾರದ ದಿನ ಪಾಡು ಪಡಬೇಕಿತ್ತು. ಪೀಪಾಯಿಗಳನ್ನು ಕಟ್ಟಿ, ಹಗ್ಗ ಎಸೆದು, ತೇಲುವ ಹಾದಿಯೊಂದನ್ನು ಮಾಡುವ ಹೊತ್ತಿಗೆ ಸೂರ್ಯ ನೆತ್ತಿಗೆ ಬರುತ್ತಿದ್ದ. ಅಲ್ಲಿಯವರೆಗೆ ಎರಡೂ ದಂಡೆಯ ಜನ ನಿಂತು ಬೈಯುತ್ತಿದ್ದರು. ಆದರೆ ಅದರ ಮರುದಿನ ನ್ಯಾರಿ ಇರುತ್ತಿತ್ತು. ಗೆರೆ ಎಳೆದವರು ಬುತ್ತಿ ತರಬೇಕು, ಹೊಳೆ ಬಾರದೆ ಹೋದ ಆ ಗೆರೆಯ ಮೇಲೆಯೇ ಎಲ್ಲರೂ ಸಾಲಾಗಿ ಕೂತು ಉಣ್ಣಬೇಕು, ಉಂಡ ಮೇಲೆ ಆ ತಪ್ಪಿನ ಮಾತನ್ನು ಯಾರೂ ಎತ್ತಬಾರದು. ಬೇಯಿಸುವ ಕೈ ಯಾರದ್ದಾದರೂ ಆಗಬಹುದು, ಏನು, ಎಷ್ಟು, ಹೇಗೆ ಎಂಬುದನ್ನು ಮಾತ್ರ ತಪ್ಪಿದವರೇ ಹೇಳಬೇಕು. ಇಮಾಮಸಾಬ ಒಲೆಯ ಮುಂದೆ ನಿಂತು ಹೆಂಡತಿಗೆ ಅಪ್ಪಣೆ ಕೊಡುವುದು ಆ ದಿನ ಮಾತ್ರವಂತೆ. ಅದಕ್ಕಾಗಿಯೇ ಅವನು ಇರುವೆಗಳ ಹಿಂದೆ ಹೋಗುತ್ತಾನೆ ಎಂದು ವಾರಗಿತ್ತಿಯರು ಆಡಿಕೊಳ್ಳುತ್ತಿದ್ದರು.

ಇದನ್ನೆಲ್ಲ ನಾನು ದೂರದಿಂದ ನೋಡಿದವಳು. ಕಸ್ತೂರಿಯ ಅಪ್ಪ ಅವಳು ಹುಟ್ಟಿದ ವರ್ಷವೇ ತೀರಿಕೊಂಡರು. ಕಂಕುಳಲ್ಲಿ ಕೂಸಿರುವ ಹೆಂಗಸನ್ನು ಕೆಲಸಕ್ಕೆ ಕರೆಯುವವರು ಇರಲಿಲ್ಲ. ಅದೇ ಹೊತ್ತಿಗೆ ಊರ ಚಾವಡಿಯವರು ಸೇತುವೆ ಕೂಟಕ್ಕೆ ಒಂದು ಪೆಟ್ಟಿಗೆ ಕೊಟ್ಟರು. ತೆಂಗಿನಕಾಯಿಗಿಂತ ತುಸು ದೊಡ್ಡದು, ಬೂದು ಬಣ್ಣ, ಬಿಸಿಲಲ್ಲಿಟ್ಟರೆ ದಿನವಿಡೀ ನೋಡುತ್ತ, ಕೇಳುತ್ತ, ಮಾತಾಡುತ್ತ ಇರುವಂಥದ್ದು. ಇದು ಕೃತಕ ಬುದ್ಧಿ, ಹೊಳೆ ಎಲ್ಲಿ ಬರುತ್ತದೆಂದು ಹೇಳುತ್ತದೆ, ನಿಮ್ಮ ಜೊತೆಗಾರ ಎಂದು ತಿಳಿಯಿರಿ ಎಂದು ಚಾವಡಿಯ ಮುಖ್ಯಸ್ಥ ಸಂಗನಗೌಡರು ಹೇಳಿದರಂತೆ. ಬಂಡಿಯಲ್ಲಿಟ್ಟರೆ ಕುಲುಕಾಟಕ್ಕೆ ಅದಕ್ಕೆ ನೆಲ ಸರಿಯಾಗಿ ಕಾಣುತ್ತಿರಲಿಲ್ಲ. ಯಾರಾದರೂ ಎತ್ತಿಕೊಂಡೇ ತಿರುಗಬೇಕಿತ್ತು. ಬಾಳವ್ವ ನನ್ನನ್ನು ಕರೆಸಿದಳು. "ಒಂದ ಹೊತ್ತಾಕಿಗೆ ಇನ್ನೊಂದ ಭಾರ ಆಗೂದಿಲ್ಲ. ಬಾ," ಎಂದಳು. ಹಾಗೆ ನನಗೆ ಕೆಲಸ ಸಿಕ್ಕಿತು. ಪೆಟ್ಟಿಗೆ ಇರುವಷ್ಟು ದಿನ ನನ್ನ ಕೆಲಸ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನಾನು ಸೇರಿ ಆರು ಜನರಾದೆವು, ಅದು ಏಳನೆಯದು. ಹೆಂಗಸಿನ ಕಂಕುಳಲ್ಲಿ ಇರುತ್ತದೆಂದು ವಾರಗಿತ್ತಿಯರು ಏಳನೇಕಿ ಎಂದು ಕರೆದರು. ಮೊದಮೊದಲು ಅವಳ ಮಾತು ಶಾಲೆಯ ಪುಸ್ತಕದಂತಿತ್ತು. ನದಿಯು ನಾಳೆ ಇಲ್ಲಿ ಹರಿಯುವ ಸಾಧ್ಯತೆ ಇದೆ ಎಂದರೆ ವಾರಗಿತ್ತಿಯರು ಬಿದಿರು ಕೆಳಗಿಟ್ಟು ನಗುತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ಅವಳೂ ಹೊಳಿ, ಐತಿ, ಬರ್ತೈತಿ ಎನ್ನತೊಡಗಿದಳು. ಕಸ್ತೂರಿ ಮಾತು ಕಲಿಯುತ್ತಿದ್ದುದೂ ಆಗಲೇ. ಬಲಗಡೆಯಿಂದ ಒಬ್ಬಳು ತೊದಲುವಳು, ಎಡಗಡೆಯಿಂದ ಒಬ್ಬಳು ತಿದ್ದುವಳು, ನಡುವೆ ನಾನು ಎರಡೂ ಸೊಂಟ ನೋಯಿಸಿಕೊಂಡು ನಡೆಯುವವಳು. ಈಗ ನೆನೆದರೆ ಆ ನೋವೂ ಚೆಂದವೆನಿಸುತ್ತದೆ. ಇಮಾಮಸಾಬ ದಿನಾ ಬೆಳಿಗ್ಗೆ ಅವಳಿಗೆ ಸಲಾಂ ಹೇಳುತ್ತಿದ್ದ. ಮಾನಪ್ಪಜ್ಜ ಮೊಣಕಾಲಿನ ದೂರನ್ನೆಲ್ಲ ಅವಳ ಮುಂದೆ ಹೇಳಿಕೊಳ್ಳುತ್ತಿದ್ದ. ವಾರಗಿತ್ತಿಯರು ಒಬ್ಬಳ ಚಾಡಿ ಇನ್ನೊಬ್ಬಳಿಗೆ ತಿಳಿಯಬಾರದೆಂದು ಅವಳಿಂದ ಆಣೆ ಮಾಡಿಸಿಕೊಳ್ಳುತ್ತಿದ್ದರು. ಬಾಳವ್ವ ಮಾತ್ರ ಅವಳೊಂದಿಗೆ ನೇರ ಮಾತಾಡಿದವಳಲ್ಲ. ಏಳನೇಕಿ ಅಲ್ಲೇ ಕೇಳಿಸಿಕೊಳ್ಳುತ್ತಿದ್ದರೂ ನನ್ನತ್ತ ತಿರುಗಿ, ಎಲ್ಲಂತ ಅದಕ್ಕ ಕೇಳು ಎನ್ನುತ್ತಿದ್ದಳು.

ಏಳನೇಕಿ ತಪ್ಪುತ್ತಿರಲಿಲ್ಲ. ಅವಳು ಹೇಳಿದ ಕಡೆ ಗೆರೆ ಎಳೆದರೆ ಬೆಳಿಗ್ಗೆ ಅಲ್ಲಿ ಹೊಳೆ ಇರುತ್ತಿತ್ತು. ಊರಿಗೆಲ್ಲ ಸಂತೋಷ. ಹಾಲಿನವರು, ಶಾಲೆಯ ಮಕ್ಕಳು, ಸೂಲಗಿತ್ತಿ, ಎಲ್ಲರೂ ಹೊತ್ತಿಗೆ ಸರಿಯಾಗಿ ದಾಟುತ್ತಿದ್ದರು. ಆದರೆ ತಪ್ಪು ನಿಂತ ಮೇಲೆ ನ್ಯಾರಿಯೂ ನಿಂತಿತು. ಬೆಳಿಗ್ಗೆ ಬಂದು, ಹೊಳೆ ಸೇತುವೆಯ ಕೆಳಗಿರುವುದನ್ನು ನೋಡಿ, ಹಗ್ಗ ಬಿಗಿದು ಅವರವರ ಮನೆಗೆ ಹೋಗುತ್ತಿದ್ದೆವು. ಮಾತಿಗೆ ಹೊತ್ತೇ ಇರಲಿಲ್ಲ. ಪಾಳಿಯನ್ನು ಎಲ್ಲರೂ ಮರೆತರು. ಮಾನಪ್ಪಜ್ಜನನ್ನು ಮೊಣಕಾಲು ಹೇಗಿದೆ ಎಂದು ಕೇಳುವವರು ಏಳನೇಕಿಯನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ. ಒಂದು ದಿನ ಅಜ್ಜ, ನಿನ್ನೆ ಒಂದು ಮೊಳೆ ವಾರೆ ಹೊಡೆದೆ ಎಂದು ತಾನಾಗಿ ಒಪ್ಪಿಕೊಂಡು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದ. ಬಾಳವ್ವ ಹೋಗಿ ಮೊಳೆ ನೋಡಿದಳು. ಅದು ನೆಟ್ಟಗಿತ್ತು. ಸುಳ್ಳು ತಪ್ಪಿಗೆ ನ್ಯಾರಿ ಇಲ್ಲ ಎಂದು ಬುತ್ತಿ ಬಿಚ್ಚಲು ಬಿಡಲಿಲ್ಲ. ಅಜ್ಜ ಹೋಳಿಗೆಯನ್ನು ಮನೆಗೆ ಒಯ್ದ. ಅವತ್ತು ಬಾಳವ್ವ ಪೆಟ್ಟಿಗೆಯ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಬಟ್ಟೆ ಒಳಗೆ ತಂದೆ. ಕಸ್ತೂರಿ ಇನ್ನೂ ಹಿತ್ತಿಲಿನಲ್ಲೇ ಇದ್ದಾಳೆ, ಯಾರೊಂದಿಗೋ ಜಗಳವಾಡುತ್ತಿರುವಂತೆ ದನಿ ಕೇಳುತ್ತಿದೆ. ಜಗಳ ಯಾರ ಜೊತೆ ಎಂದು ನನಗೆ ಗೊತ್ತು. ಮುಗಿಯಲಿ.

ಅವತ್ತು ಸಂಜೆ ಕಸ್ತೂರಿಗೆ ಜ್ವರವಿತ್ತು. ಬಲಗಡೆ ಕೆಂಡ ಇಟ್ಟುಕೊಂಡಂತೆ ಮೈ ಸುಡುತ್ತಿತ್ತು. ಎಲ್ಲಂತ ಕೇಳು ಎಂದಳು ಬಾಳವ್ವ. ನಾನು ಕೇಳಿದೆ. ಏಳನೇಕಿ ಬೇರೆ ದಿನಕ್ಕಿಂತ ತುಸು ಹೆಚ್ಚು ಹೊತ್ತು ಸುಮ್ಮನಿದ್ದಳು. ಆಮೇಲೆ, ಹತ್ತಿಗಿರಣಿ ಹಿಂದ ಎಂದಳು. ಗಿರಣಿ ನಮ್ಮ ಮನೆಗೆ ಕೂಗಳತೆ. ಬೇಗ ಕಟ್ಟಿ ಮುಗಿಸಿದೆವು, ನಾನು ಮಗುವನ್ನು ಬೇಗ ಮನೆಗೆ ತಂದು ಮಲಗಿಸಿದೆ. ಹಣೆಗೆ ಒದ್ದೆ ಬಟ್ಟೆ ಇಡುತ್ತ, ದೇವರು ದೊಡ್ಡವನು, ಇವತ್ತು ಹತ್ತಿರದಲ್ಲೇ ಕೆಲಸ ಸಿಕ್ಕಿತು ಎಂದುಕೊಂಡೆ.

ಬೆಳಿಗ್ಗೆ ಗಿರಣಿಯ ಹಿಂದೆ ಸೇತುವೆ ಒಣ ನೆಲದ ಮೇಲೆ ನಿಂತಿತ್ತು. ಅದರ ಮೇಲೆ ಆಡುಗಳು ಹತ್ತಿ ನಿಂತಿದ್ದವು. ಹೊಳೆ ಊರಾಚೆ, ಕುಂಬಾರರ ಆವಿಗೆಯ ಹತ್ತಿರ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಬಾಜಾಭಜಂತ್ರಿಯೊಂದಿಗೆ ಮದುವೆಯ ದಿಬ್ಬಣ ಬಂದು ನಿಂತಿತ್ತು. ಈಚೆ ಸಂಗನಗೌಡರ ಮನೆಯಲ್ಲಿ ಮಗಳು ಬಾಸಿಂಗ ಕಟ್ಟಿಕೊಂಡು ಕೂತಿದ್ದಳು. ನಾವು ಪೀಪಾಯಿ ಕಟ್ಟಿ ಹಾದಿ ಮಾಡಿ ವರನನ್ನು ದಾಟಿಸುವ ಹೊತ್ತಿಗೆ ಮುಹೂರ್ತ ಮೀರಿತ್ತು. ಗೋಧೂಳಿಯಲ್ಲಿ ಇನ್ನೊಂದಿದೆ ಎಂದು ಪುರೋಹಿತರು ಸಮಾಧಾನ ಹೇಳಿದರು. ಗೌಡರು ಸಮಾಧಾನ ಆಗುವವರಲ್ಲ. ಹೊಸ ಧೋತರವನ್ನು ಕೆಸರಿಗೆ ಇಳಿಸಿಕೊಂಡೇ ನಮ್ಮ ಹತ್ತಿರ ಬಂದರು. ಕೂಗಾಡಲಿಲ್ಲ. ಚಾವಡಿಗೆ ಹೊಸ ಪೆಟ್ಟಿಗೆ ಬಂದಿದೆ, ಅದಕ್ಕೆ ಗಾಲಿ ಇವೆ, ತಾನೇ ನಡೆದುಕೊಂಡು ಬರುತ್ತದೆ, ಹೊರುವವರು ಬೇಕಿಲ್ಲ, ನಾಳೆ ಬೆಳಿಗ್ಗೆ ತಂದುಕೊಡುತ್ತೇನೆ, ಈ ಹಳೆಯದನ್ನು ಕೊಟ್ಟುಬಿಡಿ ಎಂದರು. ಹೊರುವವರು ಬೇಕಿಲ್ಲ ಎನ್ನುವಾಗ ಅವರು ನನ್ನತ್ತ ನೋಡಲಿಲ್ಲ. ಅವರು ಕೆಟ್ಟವರಲ್ಲ.

ಗೌಡರು ಹೋದ ಮೇಲೆ ನಾವೆಲ್ಲ ಗಿರಣಿಯ ಹಿಂದಿನ ಒಣ ಸೇತುವೆಯ ನೆರಳಿಗೆ ಬಂದು ಕೂತೆವು. ಕಸ್ತೂರಿಯ ಜ್ವರ ಇಳಿದಿತ್ತು, ಮಡಿಲಲ್ಲಿ ನಿದ್ದೆ ಹೋಗಿದ್ದಳು. ಬಾಳವ್ವ ನನ್ನತ್ತ ತಿರುಗಿದಳು.

"ಯಾಕ ತಪ್ಪಿತಂತ ಅದಕ್ಕ ಕೇಳು, ಸುಗಲಾ."

ನಾನು ಕೇಳುವ ಮೊದಲೇ ಏಳನೇಕಿ ಮಾತಾಡಿದಳು. "ನಿನ್ನಿ ನನಗ ಎರಡು ಜಾಗ ಕಂಡಿದ್ದುವು. ಗಿರಣಿ ಹಿಂದ ಒಂದು, ಆವಿಗಿ ಹತ್ತಿರ ಒಂದು. ಎರಡೂ ಸಮ. ಕೂಸಿಗೆ ಜ್ವರ ಇತ್ತು. ಸಮೀಪದ್ದು ಹೇಳಿದೆ."

ವಾರಗಿತ್ತಿಯರು ಒಬ್ಬರನ್ನೊಬ್ಬರು ನೋಡಿದರು. ನನ್ನ ಮಗುವಿಗಾಗಿ ಹಾಗೆ ಮಾಡು ಎಂದು ನಾನು ಕೇಳಿರಲಿಲ್ಲ. ಬಾಯಿಬಿಟ್ಟು ಕೇಳಿರಲಿಲ್ಲ.

"ಕೂಸಿನ ಜ್ವರ ತಪ್ಪಲ್ಲ," ಎಂದ ಇಮಾಮಸಾಬ, ಹಗ್ಗದ ಎಳೆ ಬಿಡಿಸುತ್ತ. "ನಾನಾಗಿದ್ರೂ ಇದನ್ನ ಮಾಡ್ತಿದ್ದೆ."

"ಅದು ತಪ್ಪಲ್ಲ," ಎಂದಳು ಏಳನೇಕಿಯೂ. "ಎರಡೂ ಸಮ ಅದಾವು, ನನಗ ಗೊತ್ತಾಗವಲ್ದು ಅಂತ ನಿಮಗ ಹೇಳಬೇಕಾಗಿತ್ತು. ಹೇಳಿದ್ರ ನೀವೂ ನೋಡ್ತಿದ್ರಿ. ಅಜ್ಜ ಮೊಣಕಾಲ ನೋಡ್ಕೊತಿದ್ದ, ಸಾಹೇಬ್ರು ಇರಬಿ ನೋಡ್ತಿದ್ರು. ಹೇಳಲಿಲ್ಲ. ಗೊತ್ತಿದ್ದಾಕಿಯಂಗ ಹೇಳಿದೆ. ತಪ್ಪು ಅದು."

ಬಾಳವ್ವ ಎದ್ದು, ಸೀರೆಯ ಮಣ್ಣು ಕೊಡವಿ, ನನಗೂ ಅಲ್ಲದೆ ಅವಳಿಗೂ ಅಲ್ಲದೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಚಾವಡಿಯವರು ಕೊಟ್ಟ ಪೆಟಗಿ ಆದ್ರ ಚಾವಡಿಯವರು ಒಯ್ಲಿ. ಕೂಟದ ಆಳನ್ನ ಹೊರಗಿನವರು ಯಾರೂ ಒಯ್ಯಂಗಿಲ್ಲ. ಇದು ಪೆಟಗೀನೋ ಆಳೋ ಅಂತ ನಾಳಿ ನ್ಯಾರಿ ಹೇಳ್ತೈತಿ. ತಂದ್ರ ಆಳು, ತರದಿದ್ರ ಪೆಟಗಿ."

ಮನೆಗೆ ಬಂದು ಏಳನೇಕಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಕೂರಿಸಿದೆ. ನಾಳೆಯ ಬುತ್ತಿ ಸರಿಹೋಗದಿದ್ದರೆ ಅವಳು ಹೋಗುತ್ತಾಳೆ, ಅವಳ ಹಿಂದೆ ನಾನು. ರೊಟ್ಟಿ ಬಡಿದು, ಎಣ್ಣೆಗಾಯಿ ಪಲ್ಯ ಮಾಡಿ ಒಯ್ದರೆ ಬಾಳವ್ವನ ಬಾಯಿ ಕಟ್ಟಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಬೇಕು ಅನ್ನಿಸಿತು. ಹೇಳಿದರೆ ಅದು ನನ್ನ ನ್ಯಾರಿಯಾಗುತ್ತದೆ, ಅವಳದಾಗುವುದಿಲ್ಲ. ತುಟಿ ಕಚ್ಚಿ ಹಿಡಿದು, ಏನು ಮಾಡಲಿ ಎಂದಷ್ಟೇ ಕೇಳಿದೆ.

ಜೋಳದ ನುಚ್ಚು ಎಂದಳು. ಮಜ್ಜಿಗೆ ಹಾಕಿಕೊಂಡು ಉಣ್ಣಬಹುದು, ಅಜ್ಜನಿಗೆ ಹಲ್ಲಿಲ್ಲ ಎಂದಳು. ಒಳ್ಳೆಯದಾಯಿತು ಎಂದುಕೊಂಡೆ. ನುಚ್ಚು ಕುದಿಯತೊಡಗಿದಾಗ, ಬೆಲ್ಲ ಹಾಕು, ಅಜ್ಜನಿಗೆ ಬೆಲ್ಲ ಸೇರುತ್ತದೆ ಎಂದಳು. ಹಾಕಿದೆ. ವಾರಗಿತ್ತಿಯರಿಗೆ ಖಾರವಿಲ್ಲದೆ ಆಗುವುದಿಲ್ಲ, ಹಸಿಮೆಣಸಿನಕಾಯಿ ಜಜ್ಜಿ ಹಾಕು ಎಂದಳು. ಹಾಕಿದೆ. ಸಾಹೇಬರಿಗೆ ಬೆಳ್ಳುಳ್ಳಿ, ಬಾಳವ್ವನಿಗೆ ಮೆಂತ್ಯ. ಒಬ್ಬೊಬ್ಬರು ಒಂದೊಂದು ದಿನ ದಾರಿಯಲ್ಲಿ ಆಡಿದ್ದ ಮಾತನ್ನೆಲ್ಲ ಅವಳು ಎತ್ತಿಟ್ಟುಕೊಂಡಿದ್ದಳು. ಎಲ್ಲವೂ ಒಂದೇ ಗಡಿಗೆಗೆ ಬಿತ್ತು. ಬೆಲ್ಲ, ಬೆಳ್ಳುಳ್ಳಿ, ಮೆಂತ್ಯ ಒಟ್ಟಿಗೆ ಕುದಿಯುವ ವಾಸನೆಗೆ ಕಸ್ತೂರಿ ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ನಾನು ಸೌಟು ಆಡಿಸುತ್ತ ಕಣ್ಣೀರು ಒರೆಸಿಕೊಂಡೆ, ಮೆಣಸಿನ ಘಾಟಿಗೆ ಎಂದು ಏಳನೇಕಿಗೆ ಹೇಳಿದೆ. ಕೊನೆಗೆ ಉಪ್ಪು ಎಷ್ಟು ಎಂದು ಕೇಳಿದೆ.

ಹಿಂದಿನ ಸಂಜೆಯಂತೆಯೇ ತುಸು ಹೆಚ್ಚು ಹೊತ್ತು ಸುಮ್ಮನಿದ್ದಳು.

"ಒಂದ ಹಿಡಿ ಆಗಬಹುದು, ಅರ್ಧ ಹಿಡಿ ಆಗಬಹುದು. ನನಗ ರುಚಿ ಗೊತ್ತಿಲ್ಲ, ಸುಗಲಾ. ನೀ ಹೇಳೂದೂ ಬ್ಯಾಡ. ಹಾಕಬ್ಯಾಡ. ಉಪ್ಪು ಬ್ಯಾರೆ ಕಟ್ಟು. ನನಗ ಗೊತ್ತಿಲ್ಲಂತ ಹೇಳಿ ಅವರ ಕೈಯಾಗ ಕೊಡೂಣು."

ಉಪ್ಪಿಲ್ಲದ ಅಡುಗೆಯನ್ನು ನಾನು ಅದುವರೆಗೆ ಯಾರ ಮುಂದೆಯೂ ಇಟ್ಟವಳಲ್ಲ. ಆದರೂ ಮುತ್ತುಗದ ಎಲೆಯಲ್ಲಿ ಉಪ್ಪು ಕಟ್ಟಿದೆ.

ಬೆಳಿಗ್ಗೆ ಹೋದಾಗ ಗಿರಣಿಯ ಹಿಂದಿನ ಗೆರೆಯ ಮೇಲೆ ಎಲ್ಲರೂ ಆಗಲೇ ಸಾಲಾಗಿ ಕೂತಿದ್ದರು. ಎಷ್ಟೋ ತಿಂಗಳ ಮೇಲೆ ಹಾಗೆ ಕೂತದ್ದು. ಮಾನಪ್ಪಜ್ಜ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಸಂಗನಗೌಡರೂ ಬಂದು ದೂರದಲ್ಲಿ ನಿಂತಿದ್ದರು, ಅವರ ಪಕ್ಕದಲ್ಲಿ ಗಾಲಿಯ ಹೊಸ ಪೆಟ್ಟಿಗೆ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಏಳನೇಕಿಯನ್ನು ಬುತ್ತಿಯ ಪಕ್ಕ ಇಟ್ಟು ಎಲ್ಲರ ಎಲೆಗೂ ನುಚ್ಚು ಬಡಿಸಿದೆ, ಮಜ್ಜಿಗೆ ಹಾಕಿದೆ. ಉಪ್ಪಿನ ಕಟ್ಟು ಬಿಚ್ಚಿ ಬಾಳವ್ವನ ಮುಂದಿಟ್ಟೆ.

"ಉಪ್ಪ ಹಾಕಿಲ್ಲ," ಎಂದಳು ಏಳನೇಕಿ. "ಎಷ್ಟಂತ ನನಗ ಗೊತ್ತಾಗಲಿಲ್ಲ. ನಿಮಗೆಷ್ಟ ಬೇಕೋ ಅಷ್ಟ ತಗೋರಿ."

ಬಾಳವ್ವ ಉಪ್ಪನ್ನು ನೋಡಿದಳು. ಚಿಟಿಕೆ ತೆಗೆದುಕೊಂಡಳು, ಎಲೆಗೆ ಹಾಕಿದಳು, ಇನ್ನೊಂದು ಚಿಟಿಕೆ ಹಾಕಿದಳು, ಕಲಸಿ ಬಾಯಿಗಿಟ್ಟಳು. ಅಗಿಯುತ್ತಿದ್ದ ಬಾಯಿ ನಿಂತಿತು. ಸಾಲಿನಲ್ಲಿ ಯಾರೂ ತುತ್ತು ಎತ್ತಲಿಲ್ಲ. ಅವಳು ಕಷ್ಟಪಟ್ಟು ನುಂಗಿ, ಮಜ್ಜಿಗೆ ಕುಡಿದು, ಮತ್ತೊಂದು ತುತ್ತು ಕಲಸಿಕೊಂಡಳು. ಆಗ ಎಲ್ಲರೂ ಕೈ ಹಾಕಿದರು. ದೊಡ್ಡ ವಾರಗಿತ್ತಿಗೆ ಕೆಮ್ಮು ಹತ್ತಿತು. ಸಣ್ಣವಳು ಅವಳ ಬೆನ್ನು ಗುದ್ದುತ್ತ, ಇದು ನಮ್ಮತ್ತೆಯ ಕೈಯಡುಗೆಗಿಂತ ವಾಸಿ ಎಂದಳು. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇಮಾಮಸಾಬ ಬೆಳ್ಳುಳ್ಳಿ ಸಿಕ್ಕಿತು ಎಂದು ಎತ್ತಿ ತೋರಿಸಿದ. ಅಜ್ಜ ಮಾತ್ರ ನಗಲಿಲ್ಲ, ಬೆಲ್ಲದ ಸವಿ ಹುಡುಕಿ ಹುಡುಕಿ ತಿಂದ, ಇನ್ನಷ್ಟು ಬಡಿಸು ಎಂದ.

ಗೌಡರು ಹತ್ತಿರ ಬಂದು, ಇನ್ನು ಅದನ್ನು ಕೊಡುತ್ತೀರಾ ಎಂದು ಕೇಳಿದರು. ಬಾಳವ್ವ ಎಲೆಯಿಂದ ಕಣ್ಣೆತ್ತದೆ, ಇವಳು ಕೂಟದ ಆಳು, ನ್ಯಾರಿ ತಂದಿದ್ದಾಳೆ, ನೀವೂ ಕೂಡ್ರಿ ಎಂದಳು. ಮಗಳ ಮದುವೆ ಗೋಧೂಳಿಯಲ್ಲಿ ಚೆನ್ನಾಗಿಯೇ ಆಗಿತ್ತು, ಅವರ ಸಿಟ್ಟೂ ಅರ್ಧ ಇಳಿದಿತ್ತು. ಕೂತರು. ಒಂದು ತುತ್ತು ಬಾಯಿಗಿಟ್ಟು, ಮುಖ ಕಿವುಚಿ, ಕೂಟದ ಪಂಕ್ತಿಯ ಮರ್ಯಾದೆಗೆ ಎಲೆ ಖಾಲಿ ಮಾಡಿದರು. ಉಂಡ ಮೇಲೆ ತಪ್ಪಿನ ಮಾತೆತ್ತಬಾರದೆಂಬುದು ಅವರಿಗೂ ಗೊತ್ತಿತ್ತು. ಗಾಲಿಯ ಪೆಟ್ಟಿಗೆ ಅವರ ಹಿಂದೆಯೇ ಉರುಳಿಕೊಂಡು ಚಾವಡಿಗೆ ಮರಳಿತು.

ಬಾಳವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ನಾನು ಏಳನೇಕಿಯನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡಿದ್ದೆ. ಬಾಳವ್ವ ನನ್ನ ಮುಖ ನೋಡಲಿಲ್ಲ. ಬಗ್ಗಿ ನೇರ ಅವಳನ್ನೇ ನೋಡಿದಳು.

"ಏ ಏಳನೇಕಿ, ನಾಳಿಗೆ ಎಲ್ಲಿ ಬರ್ತೈತವ್ವ ಹೊಳಿ?"

"ಬನ್ನಿಗಿಡದ ಬಯಲಂತ ಅನಿಸ್ತೈತಿ. ಖಾತ್ರಿ ಇಲ್ಲ. ನೀವೊಂದ ಸಲ ನೋಡ್ರಿ, ಬಾಳಕ್ಕ."

ಬಾಳವ್ವ ನೋಡಲು ಹೋದಳು. ಮಾನಪ್ಪಜ್ಜ ಮೊಣಕಾಲು ಉಜ್ಜಿಕೊಂಡು, ನನಗಂತೂ ಆ ಕಡೆ ಎಳೀತೈತಿ ಎಂದ. ಇಮಾಮಸಾಬ ಆಗಲೇ ನೆಲಕ್ಕೆ ಬಗ್ಗಿದ್ದ. ಅವತ್ತಿನಿಂದ ಗೆರೆ ಎಳೆಯುವ ಪಾಳಿ ಮತ್ತೆ ಶುರುವಾಯಿತು, ಏಳನೇಕಿಯದೂ ಒಂದು ಪಾಳಿ. ತಪ್ಪು ಮೊದಲಿನಷ್ಟು ಆಗುತ್ತಿರಲಿಲ್ಲ, ಆದರೆ ಪೂರಾ ನಿಲ್ಲಲೂ ಇಲ್ಲ. ನಾನು ಎಷ್ಟೋ ವರ್ಷ ಅವಳನ್ನು ಹೊತ್ತೆ. ಬಾಳವ್ವ, ಅಜ್ಜ, ಇಮಾಮಸಾಬ ಯಾರೂ ಈಗಿಲ್ಲ. ಸಂಜೆ ಬಿದಿರಿನ ಬಂಡಿಯ ಸದ್ದು ಕೇಳಿದರೆ ಇವತ್ತಿಗೂ ನನ್ನ ಎಡ ಸೊಂಟ ತಾನಾಗಿ ವಾರೆಯಾಗುತ್ತದೆ. ಕಸ್ತೂರಿ ದೊಡ್ಡವಳಾಗಿ, ಬಲಗಡೆಯಿಂದ ಇಳಿದವಳು, ಎಡಗಡೆಯವಳನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಕಂಕುಳಲ್ಲಿ ಇಟ್ಟುಕೊಂಡಳು.

ನಿನ್ನೆ ಇಷ್ಟು ಬರೆದು ದೀಪ ಹಚ್ಚಲು ಎದ್ದಿದ್ದೆ. ಹಿತ್ತಿಲಿನ ಜಗಳ ಕತ್ತಲಾಗುವವರೆಗೂ ನಡೆಯಿತು. ಎರಡು ಜಾಗ ಸಮ ಎಂದು ಏಳನೇಕಿ ಹೇಳಿದ್ದಳಂತೆ, ಒಂದನ್ನು ಆರಿಸಿ ಗೆರೆ ಎಳೆದವಳು ಕಸ್ತೂರಿ. ನ್ಯಾರಿ ನನ್ನದು ಎಂದು ಇವಳು, ನನ್ನದು ಎಂದು ಅವಳು. ಕೊನೆಗೆ ಇಬ್ಬರೂ ಸೇರಿ ಮಾಡುವುದೆಂದಾಯಿತು. ಇವತ್ತು ಬೆಳಗಾಗುತ್ತಲೇ ಕಸ್ತೂರಿ ಒಲೆ ಹಚ್ಚಿದಳು, ಏಳನೇಕಿ ಕಿಟಕಿಯಲ್ಲಿ ತನ್ನ ಹಳೆಯ ಜಾಗದಲ್ಲಿ ಕೂತಳು. ನಾನು ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತೆ, ಬಾಯಿ ಹಾಕಲಿಲ್ಲ. ಬೆಲ್ಲ ಹಾಕು ಎಂದು ಏಳನೇಕಿ ಹೇಳಿದಾಗ ಮಾತ್ರ ತಲೆ ತಗ್ಗಿಸಿ ನಕ್ಕೆ.

ನುಚ್ಚು ಇಳಿಸಿದ ಮೇಲೆ ಕಸ್ತೂರಿ, ಊರಲ್ಲಿ ತಪ್ಪಿದವರೆಲ್ಲ ಮಾಡುವಂತೆ, ಎಲೆಯಲ್ಲಿ ಉಪ್ಪು ಬೇರೆ ಕಟ್ಟತೊಡಗಿದಳು. ದಾರ ಸುತ್ತುವಾಗ ಕೈ ನಿಲ್ಲಿಸಿ, "ಇದನ್ನ ಯಾಕ ಬ್ಯಾರೆ ಒಯ್ತಾರವ್ವ?" ಎಂದು ನನ್ನನ್ನು ಕೇಳಿದಳು. ಬರೆದಿಟ್ಟಿದ್ದೇನೆ, ಬಂದು ಓದು ಎನ್ನಲು ಬಾಯಿ ತೆರೆದೆ.

"ಎಷ್ಟ ಹಾಕಬೇಕಂತ ನನಗ ಗೊತ್ತಿರಲಿಲ್ಲ ಮಗಳ," ಎಂದಿತು ಕಿಟಕಿಯ ದನಿ. "ಇನ್ನೂ ಗೊತ್ತಿಲ್ಲ."

ಕಸ್ತೂರಿ ಗಂಟು ಬಿಗಿದಳು. ಬುತ್ತಿಯನ್ನು ತಲೆಯ ಮೇಲೆ ಇಟ್ಟುಕೊಂಡು, ಏಳನೇಕಿಯನ್ನು ಕಂಕುಳಿಗೆ ಎತ್ತಿಕೊಂಡಳು. ಹೊಳೆ ಬಾರದೆ ಹೋದ ಗೆರೆಯ ಕಡೆಗೆ ಇಬ್ಬರೂ ಹೊರಟರು.